ಎಂಟು ತಿಂಗಳಿಂದ ಕ್ಯಾಮೆರಾ ಮುಟ್ಟಿಲ್ಲ, ಏನು ಮಾಡಲಿ?

ಪ್ರಶ್ನೆ: ಐದು ವರ್ಷದ ಹಿಂದೆ ಕೂಡಿಟ್ಟ ಹಣದಲ್ಲಿ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಮೊದಲ ಎರಡು ವರ್ಷ ಹುಚ್ಚು ಹಿಡಿದವನಂತೆ ಫೋಟೋ ತೆಗೆದೆ. ಹಾರ್ಡ್ ಡಿಸ್ಕಿನಲ್ಲಿ 14,000 ಚಿತ್ರಗಳಿವೆ. ಆಮೇಲೆ ಉತ್ಸಾಹ ಇಳಿಯುತ್ತಾ ಬಂತು. ಈಗ ಎಂಟು ತಿಂಗಳಿಂದ ಕ್ಯಾಮೆರಾ ಕಪಾಟಿನಲ್ಲಿದೆ, ಬ್ಯಾಟರಿಯೂ ಪೂರ್ತಿ ಖಾಲಿ. ಮೊಬೈಲಿನಲ್ಲಿ ಬೇರೆಯವರ ಚಿತ್ರ ನೋಡಿದಾಗಲೆಲ್ಲ ‘ಎಲ್ಲವನ್ನೂ ಯಾರೋ ತೆಗೆದಾಗಿದೆ, ನಾನೇನು ಹೊಸದು ತೆಗೆಯಲಿ’ ಅನ್ನಿಸುತ್ತದೆ. ಮನೆ, ಆಫೀಸು ಬಿಟ್ಟು ತಿರುಗಾಡಲು ಬಿಡುವೂ ಇಲ್ಲ. 85 ಎಂಎಂ ಲೆನ್ಸ್ ಕೊಂಡರೆ ಮತ್ತೆ ಹುರುಪು ಬಂದೀತೇ? ಇಲ್ಲಾ ಎಲ್ಲವನ್ನೂ ಮಾರಿ ಸುಮ್ಮನಾಗಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ತೊಡರಿದ್ದು ಆ 14,000ದ ಹತ್ತಿರ. ಅದರಲ್ಲಿ ತೆಗೆದ ಮೇಲೆ ಇನ್ನೊಮ್ಮೆ ನಿಧಾನವಾಗಿ ನೋಡಿದ್ದು ಎಷ್ಟು? ಕಾಗದಕ್ಕೆ ಇಳಿಸಿದ್ದು ಎಷ್ಟು? ಇದೇ ತಕರಾರು ಹೊತ್ತು ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆಲ್ಲ ಮೊದಲು ಈ ಪ್ರಶ್ನೆ ಕೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಐವತ್ತು ಇರಬಹುದು ಸಾರ್’ ಅನ್ನುತ್ತಾರೆ. ಪ್ರಿಂಟ್ ಮಾಡಿಸಿದ್ದೆಷ್ಟು ಅಂದರೆ ನಗುತ್ತಾರೆ. 36 ಫ್ರೇಮಿನ ಫಿಲ್ಮ್ ರೋಲಿನ ಲೆಕ್ಕ ಹಿಡಿದರೆ ನಿಮ್ಮ ಬಳಿ ಸುಮಾರು 390 ರೋಲಿನಷ್ಟು ಚಿತ್ರಗಳಿವೆ. ಅಷ್ಟನ್ನು ತೆಗೆದು, ನೋಡದೆ, ಪ್ರೇರಣೆ ಎಲ್ಲಿಂದ ತರಲಿ ಅಂತ ಕೇಳುತ್ತಿದ್ದೀರಿ. ನಿಮ್ಮ ಕಣ್ಣಿಗೆ ಏನು ಬೇಕು ಅನ್ನುವುದನ್ನು ನಿಮ್ಮ ಕೈ ಆ ಎರಡು ವರ್ಷದಲ್ಲೇ ಬರೆದಿಟ್ಟಿದೆ. ಓದುವುದೊಂದು ಬಾಕಿ.

ಮೊದಲ ಎರಡು ವರ್ಷದ ಹುಚ್ಚು ಯಾಕೆ ಬಂದಿತ್ತು, ಯಾಕೆ ಹೋಯಿತು ಅನ್ನುವುದು ದೊಡ್ಡ ಒಗಟೇನಲ್ಲ. ಆಗ ಪ್ರತಿದಿನವೂ ಕ್ಯಾಮೆರಾ ನಿಮಗೊಂದು ಪ್ರಶ್ನೆ ಕೊಡುತ್ತಿತ್ತು, ಸಂಜೆಯೊಳಗೆ ಉತ್ತರವನ್ನೂ ಕೊಡುತ್ತಿತ್ತು. ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/1.8ರಷ್ಟು ಅಗಲಕ್ಕೆ ತೆರೆದರೆ ಹಿನ್ನೆಲೆ ಕರಗುತ್ತದೆ. ಶಟರ್ 1/1000 ಸೆಕೆಂಡಿಗೆ ಇಟ್ಟರೆ ನಲ್ಲಿಯ ನೀರು ಮಣಿಮಣಿಯಾಗಿ ನಿಲ್ಲುತ್ತದೆ, 1/15ಕ್ಕೆ ಇಳಿಸಿದರೆ ನೂಲಾಗುತ್ತದೆ. ಇವೆಲ್ಲ ಮೊದಲ ಸಲ ಕಣ್ಣೆದುರು ಆದಾಗ ಮೈ ಜುಂ ಅನ್ನುವುದು ಸಹಜ. ಆಮೇಲೆ ಕೈ ಪಳಗಿತು. ನೂಲಿನಂಥ ನೀರು ಬರುತ್ತದೆ ಅಂತ ಮೊದಲೇ ಗೊತ್ತಿರುವಾಗ ಶಟರ್ ಒತ್ತುವುದಕ್ಕೆ ಬೆರಳಿಗೆ ಏನು ಕಾರಣ? ಯಂತ್ರದ ಪ್ರಶ್ನೆಗಳು ಮುಗಿದವು, ನಿಮ್ಮದೇ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಕ್ಯಾಮೆರಾ ಕೊಂಡ ಎರಡು ಮೂರು ವರ್ಷಕ್ಕೆ ಬಹಳ ಜನ ಬಂದು ನಿಲ್ಲುವ ಜಾಗ ಇದು. ಇಲ್ಲಿಗೆ ಬಂದಿದ್ದೀರಿ ಅಂದರೆ ಕೆಲಸ ಕಲಿತಿದ್ದೀರಿ ಅಂತಲೂ ಅರ್ಥ.

ನನಗೂ ಹೀಗಾಗಿತ್ತು. ಹನ್ನೆರಡು ವರ್ಷ ಬೇರೆಯವರು ಹೇಳಿದ ಫೋಟೋ ತೆಗೆದು, ಒಂದು ದಿನ ಸ್ವಂತಕ್ಕೆ ಅಂತ ಕ್ಯಾಮೆರಾ ಎತ್ತಿಕೊಂಡರೆ ಏನೂ ತೋಚಲಿಲ್ಲ. ಆ ವರ್ಷ ಪೂರ್ತಿ ನನ್ನದು ಅನ್ನುವ ಒಂದು ಚಿತ್ರವೂ ಹುಟ್ಟಲಿಲ್ಲ. ಕೊನೆಗೆ, ಬೇಸರ ಕಳೆಯಲಿಕ್ಕೆ ಅನ್ನಿ, ಹಳೆಯ ಫೋಲ್ಡರುಗಳಿಂದ ನೂರಕ್ಕೂ ಹೆಚ್ಚು ಚಿತ್ರಗಳನ್ನು ಸಣ್ಣ ಸೈಜಿನಲ್ಲಿ ಪ್ರಿಂಟ್ ಮಾಡಿಸಿ ತಂದು ನಡುಮನೆಯ ನೆಲದ ಮೇಲೆ ಹರಡಿದೆ. ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ ಮಾಡುತ್ತಾ ಕೂತಿದ್ದೆ. ಆಗ ಆರನೇ ಕ್ಲಾಸಿನಲ್ಲಿದ್ದ ಮಗಳು ಚಿತ್ರಗಳನ್ನು ತುಳಿಯದಂತೆ ಕಾಲೆತ್ತಿಡುತ್ತಾ ದಾಟಿ ಹೋಗುತ್ತಿದ್ದವಳು ನಿಂತು, ‘ಅಪ್ಪಾ, ಎಲ್ಲಾದ್ರಲ್ಲೂ ಬಾಗಿಲು ಯಾಕಿದೆ?’ ಅಂದಳು.

ನೋಡಿದೆ. ಎಲ್ಲದರಲ್ಲೂ ಇರಲಿಲ್ಲ, ಆದರೆ ಮೂರನೇ ಒಂದು ಭಾಗದಲ್ಲಿತ್ತು. ಚಂದದ ಕೆತ್ತನೆಯ ಬಾಗಿಲುಗಳೇನಲ್ಲ. ಯಾರದೋ ಮುಖದ ಹಿಂದೆ, ಫ್ರೇಮಿನ ಬಲ ಅಂಚಿನಲ್ಲಿ, ಅರ್ಧ ತೆರೆದ ಬಾಗಿಲು. ಅದರಾಚೆ ಒಂದು ಪಟ್ಟಿ ಬೆಳಕು. ವೃತ್ತಿಯ ಕೆಲಸದಲ್ಲಿ ಅದನ್ನು ನಾನು ದೋಷ ಅಂತ ಕ್ರಾಪ್ ಮಾಡಿ ತೆಗೆಯುತ್ತಿದ್ದೆ. ಹನ್ನೆರಡು ವರ್ಷ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು, ನಾನು ಕತ್ತರಿಸುತ್ತಲೇ ಇದ್ದೆ. ಮಾರನೆಯ ಬೆಳಿಗ್ಗೆ ಎದ್ದು ನಮ್ಮ ಮನೆಯದೇ ಬಾಗಿಲುಗಳನ್ನು ತೆಗೆಯತೊಡಗಿದೆ. ಅದು ಆರು ವರ್ಷ ನಡೆಯಿತು. ಪ್ರೇರಣೆ ಅನ್ನುವ ಶಬ್ದ ಆ ಆರು ವರ್ಷದಲ್ಲಿ ನೆನಪಾದದ್ದೇ ಇಲ್ಲ.

ಆದ್ದರಿಂದ ಹೊಸ ಫೋಟೋ ತೆಗೆಯುವ ಮೊದಲು ನೀವು ಹಳೆಯದರ ಮುಂದೆ ಕೂರಬೇಕು. ಮೊಬೈಲಿನಲ್ಲಿ ಬೇಡ, ಬೆರಳು ತಾನಾಗಿ ಮುಂದಕ್ಕೆ ಸರಿಸಿಬಿಡುತ್ತದೆ. ಕಂಪ್ಯೂಟರಿನಲ್ಲಿ 14,000ವನ್ನೂ ಬೇಗ ಬೇಗ ಓಡಿಸಿ, ಯಾವ ಚಿತ್ರದ ಮೇಲೆ ಕಣ್ಣು ಅರೆಕ್ಷಣ ಹೆಚ್ಚು ನಿಂತಿತೋ ಅದಕ್ಕೊಂದು ಗುರುತು ಹಾಕಿ. ಯಾಕೆ ನಿಂತಿತು ಅಂತ ಅಲ್ಲೇ ಕೇಳಿಕೊಳ್ಳಬೇಡಿ. ಒಂದೇ ದಿನ ಮುಗಿಸುವ ಕೆಲಸವಲ್ಲ; ದಿನಕ್ಕೆ ಸಾವಿರ ನೋಡಿದರೂ ಎರಡು ವಾರ. ಇನ್ನೂರರಷ್ಟು ಗುರುತಾದ ಮೇಲೆ ಅದರಿಂದ ನಲವತ್ತು ಆರಿಸಿ ಪ್ರಿಂಟ್ ಮಾಡಿಸಿ, ಅಂಗೈ ಅಗಲದ್ದು ಸಾಕು. ಮಸುಕಾಗಿದೆ, ಡೊಂಕಾಗಿದೆ ಅಂತ ಯಾವುದನ್ನೂ ಕೈಬಿಡಬೇಡಿ. ನೆಲಕ್ಕೆ ಹರಡಿ. ‘ಯಾವುದು ಚೆನ್ನಾಗಿದೆ’ ಅನ್ನುವ ಪ್ರಶ್ನೆಯನ್ನು ಅವತ್ತೊಂದು ದಿನ ಮನೆಯಿಂದ ಹೊರಗಿಡಿ. ಏನು ಮತ್ತೆ ಮತ್ತೆ ಬಂದಿದೆ ಅಂತ ಮಾತ್ರ ನೋಡಿ.

ಮತ್ತೆ ಬರುವುದು ವಸ್ತುವೇ ಆಗಿರಬೇಕಿಲ್ಲ. ನನ್ನ ವಿದ್ಯಾರ್ಥಿಯೊಬ್ಬಳ ಚಿತ್ರಗಳಲ್ಲಿ ಜನ ಯಾವಾಗಲೂ ದೂರದಲ್ಲಿ, ಹೆಬ್ಬೆರಳಿನಷ್ಟು ಸಣ್ಣಗೆ ಇರುತ್ತಿದ್ದರು. ಹತ್ತಿರ ಹೋಗಲು ಹೆದರುತ್ತೇನೆ ಅಂತ ಅವಳು ತಿಳಿದಿದ್ದಳು. ಹೆದರಿಕೆಯೂ ಇತ್ತೇನೋ, ಆದರೆ ಆ ದೂರವೇ ಅವಳ ಚಿತ್ರಗಳ ಸೊಗಸು. ಇನ್ನೊಬ್ಬನಲ್ಲಿ ಎಲ್ಲವೂ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದ ನೀಲಿ ಬೆಳಕಿನವು. ಹಾಗಾಗಿ ಅಂಚುಗಳನ್ನು ನೋಡಿ, ದೂರವನ್ನು ನೋಡಿ, ಹೊತ್ತನ್ನು ನೋಡಿ. ಮನೆಯವರೊಬ್ಬರನ್ನು ಕರೆದು ತೋರಿಸಿ. ಹೊರಗಿನ ಕಣ್ಣಿಗೆ ಬೇಗ ಕಾಣುತ್ತದೆ. ಮಕ್ಕಳಾದರೆ ಇನ್ನೂ ಒಳ್ಳೆಯದು, ಅವಕ್ಕೆ ದಾಕ್ಷಿಣ್ಯವಿಲ್ಲ.

ಲೆನ್ಸಿನ ವಿಚಾರ ಇಲ್ಲೇ ಮುಗಿಸಿಬಿಡೋಣ. ಪ್ರತಿ ಚಿತ್ರದ ಜೊತೆಗೂ ಅದನ್ನು ಎಷ್ಟು ಎಂಎಂನಲ್ಲಿ, ಎಷ್ಟು ಗಂಟೆಗೆ ತೆಗೆದಿರಿ ಅನ್ನುವ ವಿವರವನ್ನು ಕ್ಯಾಮೆರಾ ಬರೆದಿಟ್ಟಿರುತ್ತದೆ. ಆರಿಸಿದ ನಲವತ್ತರ ವಿವರ ತೆರೆದು ನೋಡಿ. ಹೆಚ್ಚಿನವು ಜೂಮಿನ ಉದ್ದದ ತುದಿಯಲ್ಲಿದ್ದರೆ, ಅಂದರೆ ದೂರದ್ದನ್ನು ಹತ್ತಿರ ಎಳೆದು ತೆಗೆದವಾಗಿದ್ದರೆ, 85 ಎಂಎಂ ನಿಮ್ಮ ಕಣ್ಣಿಗೆ ಒಗ್ಗೀತು. ಅಗಲ ನೋಟದ 24, 35ರ ಆಸುಪಾಸಿನಲ್ಲಿದ್ದರೆ ಹಣ ಉಳಿಸಿ. ಹೊಸ ಲೆನ್ಸು ಹುರುಪು ತರುತ್ತದೆ, ಇಲ್ಲ ಅನ್ನಲಾರೆ. ನನ್ನ ಅನುಭವದಲ್ಲಿ ಅದರ ಆಯಸ್ಸು ಆರು ವಾರ.

ಇನ್ನು ತಿರುಗಾಡಲು ಬಿಡುವಿಲ್ಲ ಅನ್ನುವ ಮಾತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಫೋಟೋ ತೆಗೆಯುವವರಿಗೆಂದೇ ಹುಟ್ಟಿದ್ದೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅಮೆರಿಕದ ಛಾಯಾಗ್ರಾಹಕಿ ಇಮೋಜೆನ್ ಕನಿಂಗ್‌ಹ್ಯಾಂ ಅವರಿಗೆ ಮೂರು ಗಂಡುಮಕ್ಕಳು, ಅದರಲ್ಲಿ ಇಬ್ಬರು ಅವಳಿ. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಮಕ್ಕಳ ಮೇಲೊಂದು ಕಣ್ಣಿಟ್ಟು, ಮನೆಯ ತೋಟದಲ್ಲಿ ಬೆಳೆದ ಗಿಡ, ಹೂಗಳನ್ನೇ ತೆಗೆದರು. ಇವತ್ತಿಗೂ ಅವರ ಹೆಸರು ಹೇಳಿದೊಡನೆ ನೆನಪಾಗುವುದು 1920ರ ದಶಕದ ಆ ಹೂವಿನ ಚಿತ್ರಗಳೇ.

ಛಾಯಾಗ್ರಾಹಕ ಆಂದ್ರೆ ಕೆರ್ತೆಸ್ ಅವರ ಕತೆ ನನಗೆ ಇನ್ನೂ ಹತ್ತಿರದ್ದು. ಹಂಗೆರಿಯಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಹೆಸರು ಮಾಡಿ, ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಸಿದವರು. 1977ರಲ್ಲಿ ಹೆಂಡತಿ ಎಲಿಜಬೆತ್ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿತ್ತು. ಹೊರಗೆ ಹೋಗುವ ಮನಸ್ಸಿಲ್ಲ, ಮೈಯಲ್ಲಿ ಬಲವೂ ಕಡಿಮೆ. ಒಂದು ಅಂಗಡಿಯ ಕಿಟಕಿಯಲ್ಲಿ ಗಾಜಿನ ಸಣ್ಣ ಪ್ರತಿಮೆಯೊಂದನ್ನು ಕಂಡರು. ಅದರ ಕತ್ತು, ಭುಜದ ಇಳಿಜಾರು ಹೆಂಡತಿಯದರಂತೆ ಕಂಡಿತು. ಅದನ್ನು ತಂದು ತಮ್ಮ ಫ್ಲಾಟಿನ ಕಿಟಕಿಯ ಮೇಲಿಟ್ಟು, ತೆಗೆದೊಡನೆ ಪ್ರಿಂಟ್ ಕೊಡುವ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ತೆಗೆಯತೊಡಗಿದರು. ಒಂದು ಹೊತ್ತು ಗಾಜಿನೊಳಗೆ ಎದುರಿನ ಕಟ್ಟಡಗಳು ತಲೆಕೆಳಗಾಗಿ ಕೂರುತ್ತವೆ, ಇನ್ನೊಂದು ಹೊತ್ತು ಅದು ಬರೀ ಆಕಾಶದ ಬಣ್ಣ. ಜಾಗ ಅದೇ, ಕಿಟಕಿ ಅದೇ. ಐವತ್ತು ವರ್ಷಕ್ಕೂ ಹೆಚ್ಚು ಬೀದಿಯಲ್ಲಿ ಅಲೆದು ಫೋಟೋ ತೆಗೆದ ಮನುಷ್ಯನ ಕೊನೆಗಾಲದ ಕೆಲಸ ಅದು. ಅದಕ್ಕೆ ಪ್ರೇರಣೆ ಎಲ್ಲಿಂದ ಬಂತು ಅಂತ ಯಾರೂ ವಿವರಿಸಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಬಿಸಿಲು ಬೀಳುವ ಒಂದು ಕಿಟಕಿ ಇರಬೇಕು. ಒಂದು ರಜೆಯ ಬೆಳಿಗ್ಗೆ ಅದರ ಕಟ್ಟೆಯ ಮೇಲೆ ಗಾಜಿನ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ಇಡಿ. ಪಕ್ಕದ ಗೋಡೆಯ ಮೇಲೋ ನೆಲದ ಮೇಲೋ ಅದರ ನೆರಳು ಬೀಳುತ್ತದೆ. ನೆರಳು ಅಂದೆನಲ್ಲ, ಸರಿಯಾಗಿ ನೋಡಿ: ನಡುವೆ ಕಪ್ಪಿಲ್ಲ. ನೀರು ಬೆಳಕನ್ನು ಬಗ್ಗಿಸಿ ಒಂದು ಕಡೆ ಕೂಡಿಸುವುದರಿಂದ, ನೆರಳಿನ ಹೊಟ್ಟೆಯಲ್ಲಿ ಸುತ್ತಲಿನ ಗೋಡೆಗಿಂತಲೂ ಪ್ರಖರವಾದ ಒಂದು ಗೆರೆ ನಿಂತಿರುತ್ತದೆ. ಲೋಟವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆ ಗೆರೆ ನಡುಗಿ ಎರಡಾಗಿ, ಮತ್ತೆ ಒಂದಾಗುತ್ತದೆ. ಲೋಟದ ದಪ್ಪ ತಳದಲ್ಲಿ ಬಣ್ಣದ ಒಂದು ಎಳೆ ಸಿಕ್ಕರೂ ಸಿಕ್ಕೀತು. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಆ ಗೆರೆ ಬಿಳಿಯ ಕಲೆಯಾಗಿಬಿಡುತ್ತದೆ. ಈಗ ಕೂತು ಕಾಯಿರಿ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಕಿಟಕಿಯಿಂದ ಎರಡು ಮೀಟರ್ ದೂರದ ಗೋಡೆಯ ಮೇಲೆ ಬಿಸಿಲಿನ ಚೌಕ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಜರುಗುತ್ತಾ ಹೋಗುತ್ತದೆ. ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಟ್ಟರೆ ಜರುಗುವುದು ಕಣ್ಣಿಗೇ ಕಾಣುತ್ತದೆ. ಅರ್ಧ ಗಂಟೆಯಲ್ಲಿ ನಿಮ್ಮೆದುರು ಇರುವುದು ಬೇರೆಯೇ ಲೋಟ.

ಇದನ್ನು ದೊಡ್ಡ ಕಲಾಕೃತಿ ಮಾಡಿ ಅಂತ ಹೇಳುತ್ತಿಲ್ಲ. ಬಿಡುವಿಲ್ಲದ ಮನುಷ್ಯನಿಗೂ ಅರ್ಧ ಗಂಟೆ ಸಿಗುತ್ತದೆ, ಹೋಗಲು ಜಾಗವಿಲ್ಲದವನಿಗೂ ಕಿಟಕಿ ಸಿಗುತ್ತದೆ ಅನ್ನುವುದಷ್ಟೇ ನನ್ನ ಮಾತು. ಅಲ್ಲಿ ಏನು ತೆಗೆಯಬೇಕು ಅನ್ನುವುದನ್ನು ಆ ನಲವತ್ತು ಪ್ರಿಂಟುಗಳು ಹೇಳಲಿ. ನಿಮಗೆ ಗಾಜು, ನೀರು ಬೇಡವೋ ಏನೋ. ಮಡಚಿಟ್ಟ ಬಟ್ಟೆಯ ರಾಶಿಯೋ, ಆಫೀಸಿನ ಮೆಟ್ಟಿಲಿನ ತಿರುವೋ ಇರಬಹುದು. ಜಾಗ ಒಂದೇ ಇರಲಿ, ಹೊತ್ತು ಬದಲಾಗಲಿ.

‘ಎಲ್ಲವನ್ನೂ ಯಾರೋ ತೆಗೆದಾಗಿದೆ’ ಅಂದಿರಿ. ತೆಗೆದಿದ್ದಾರೆ, ನಿಜ. ದೊಣ್ಣೆಮೆಣಸಿನಕಾಯಿಯನ್ನೂ ತೆಗೆದಿದ್ದಾರೆ. 1930ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ತೆಗೆದ ಒಂದು ದೊಣ್ಣೆಮೆಣಸಿನಕಾಯಿ ಛಾಯಾಗ್ರಹಣದ ಇತಿಹಾಸದಲ್ಲೇ ಜಾಗ ಹಿಡಿದು ಕೂತಿದೆ. ಅದರ ಹೆಸರಿನಲ್ಲೇ 30 ಅನ್ನುವ ಸಂಖ್ಯೆ ಇದೆ. ಅದಕ್ಕೆ ಮೊದಲು ಬೇರೆ ಬೇರೆ ಕಾಯಿಗಳನ್ನು, ಬೇರೆ ಬೇರೆ ಹಿನ್ನೆಲೆಯಲ್ಲಿಟ್ಟು ತೆಗೆದು ತೆಗೆದು, ಕೊನೆಗೊಂದನ್ನು ತಗಡಿನ ಆಲಿಕೆಯ ಬಾಯಲ್ಲಿ ಕೂರಿಸಿದರು. ಆಲಿಕೆಯ ಒಳಮೈ ಬೆಳಕನ್ನು ನಾಲ್ಕೂ ಕಡೆಯಿಂದ ಕಾಯಿಯ ಮೇಲೆ ತಿರುಗಿಸಿತು. ಅದರ ಮೈ ಮನುಷ್ಯರ ಬೆನ್ನಿನ ಹಾಗೆ ಉಬ್ಬಿ ತಿರುಚಿ ಎದ್ದುನಿಂತಿತು. ಮೊಬೈಲಿನಲ್ಲಿ ಬೇರೆಯವರ ಚಿತ್ರ ನೋಡುವಾಗ ನಿಮ್ಮೆದುರು ಬರುವುದು ಪ್ರತಿಯೊಬ್ಬರ ಮೂವತ್ತನೆಯದು. ನೀವು ಅದನ್ನು ನಿಮ್ಮ ಮೂರನೆಯದರ ಪಕ್ಕ ಇಟ್ಟು ಕುಗ್ಗುತ್ತೀರಿ. ಬೇರೆಯವರ ಚಿತ್ರ ನೋಡಲೇಬೇಡಿ ಅನ್ನಲಾರೆ. ದಿನಕ್ಕೆ ಮುನ್ನೂರು ನೋಡುವ ಬದಲು ಒಂದನ್ನು ಹತ್ತು ನಿಮಿಷ ನೋಡಿ: ಬೆಳಕು ಯಾವ ಕಡೆಯದು, ತೆಗೆದವರು ಎಲ್ಲಿ ನಿಂತಿದ್ದರು, ಮೊಣಕಾಲೂರಿದ್ದರೋ, ಫ್ರೇಮಿನ ಹೊರಗೆ ಏನನ್ನು ಬಿಟ್ಟಿರಬಹುದು. ಹಾಗೆ ನೋಡಿದ ಚಿತ್ರ ಹೊಟ್ಟೆಕಿಚ್ಚು ಹುಟ್ಟಿಸುವುದಿಲ್ಲ, ಕೆಲಸ ಹಚ್ಚುತ್ತದೆ.

ತೆಗೆದದ್ದನ್ನು ಅವತ್ತೇ ಎಲ್ಲರಿಗೂ ತೋರಿಸುವ ಚಟವನ್ನೂ ಸ್ವಲ್ಪ ದಿನ ಬಿಡಿ. ನ್ಯೂಯಾರ್ಕಿನ ಬೀದಿಗಳನ್ನು ತೆಗೆದ ಗ್ಯಾರಿ ವಿನೋಗ್ರಾಂಡ್ ತಮ್ಮ ಫಿಲ್ಮನ್ನು ಬೇಕೆಂದೇ ಒಂದು ವರ್ಷದ ಮೇಲೆ ಡೆವಲಪ್ ಮಾಡುತ್ತಿದ್ದರು. ತೆಗೆದ ದಿನದ ಖುಷಿ ಮನಸ್ಸಿನಲ್ಲಿ ಹಸಿಯಾಗಿರುವಾಗ ಚಿತ್ರದ ಗುಣ ಯಾವುದು, ಆ ದಿನದ ಖುಷಿ ಯಾವುದು ಅಂತ ಬೇರೆ ಮಾಡಲಾಗುವುದಿಲ್ಲ ಅನ್ನುವುದು ಅವರ ಲೆಕ್ಕ. ನೀವು ಮೂರು ವಾರ ತಡೆದರೂ ಸಾಕು. ಆದರೆ ಅದೇ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಡೆವಲಪ್ಪೇ ಆಗದ ಸುಮಾರು 2,500 ರೋಲುಗಳನ್ನು ಬಿಟ್ಟುಹೋದರು. ಕಾಯುವುದಕ್ಕೂ ಮುಂದೂಡುವುದಕ್ಕೂ ನಡುವೆ ಎಲ್ಲೋ ಒಂದು ಗೆರೆ ಇದೆ. ನಿಮ್ಮ ಹಾರ್ಡ್ ಡಿಸ್ಕು ಅದನ್ನು ದಾಟಿದೆ ಅಂತ ಮೆಲ್ಲಗೆ ಹೇಳುತ್ತಿದ್ದೇನೆ.

ದಿನಕ್ಕೊಂದರಂತೆ ವರ್ಷಕ್ಕೆ 365 ಫೋಟೋ ತೆಗೆಯುವ ಪಣ ತೊಡಿ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಲವತ್ತನೆಯ ದಿನಕ್ಕೆ ಜನ ರಾತ್ರಿ ಮಲಗುವ ಮುನ್ನ ಎದ್ದುಹೋಗಿ ಚಪ್ಪಲಿಯ ಫೋಟೋ ತೆಗೆದು ಲೆಕ್ಕ ತುಂಬಿಸುವುದನ್ನು ಕಂಡಿದ್ದೇನೆ. ಚಪ್ಪಲಿಯ ಮೇಲೆ ಪ್ರೀತಿಯಿದ್ದು ತೆಗೆದಿದ್ದರೆ ಮಾತು ಬೇರೆ. ವಾರಕ್ಕೊಂದು ದಿನ, ಅದೇ ಜಾಗ, ಒಂದು ಗಂಟೆ ಅನ್ನುವುದು ಹೆಚ್ಚು ಬಾಳಿಕೆ ಬರುತ್ತದೆ. ಕ್ಯಾಮೆರಾವನ್ನು ಕಪಾಟಿನಿಂದ, ಚೀಲದಿಂದ ಹೊರಗೆ ತೆಗೆದು ಕೈಗೆ ಸಿಗುವ ಮೇಜಿನ ಮೇಲಿಡಿ. ಜಿಪ್ ಎಳೆದು, ಕಾರ್ಡು ಹುಡುಕಿ ಹಾಕುವಷ್ಟರಲ್ಲಿ ಅರ್ಧ ಮನಸ್ಸು ಸತ್ತಿರುತ್ತದೆ.

ಇನ್ನೊಂದು ವಿಷಯ, ಕೇಳಿಲ್ಲವಾದರೂ ಹೇಳುತ್ತೇನೆ. ಫೋಟೋ ಒಂದೇ ಅಲ್ಲದೆ ಮೊದಲು ಇಷ್ಟವಾಗುತ್ತಿದ್ದ ಊಟ, ಸ್ನೇಹಿತರು, ಹಾಡು ಎಲ್ಲವೂ ಸಪ್ಪೆಯಾಗಿ, ನಿದ್ದೆಯೂ ಕೆಟ್ಟು ವಾರಗಳೇ ಆಗಿದ್ದರೆ ಅದು ಕ್ಯಾಮೆರಾದ ಸಮಸ್ಯೆಯಲ್ಲ. ಆಗ ನನ್ನಂಥವನನ್ನು ಬಿಟ್ಟು ವೈದ್ಯರನ್ನು ಕಾಣಿ.

ಮಾರುವ ವಿಚಾರ. ಮಾರುವುದು ಪಾಪವೇನಲ್ಲ. ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಅನ್ನಿಸಿಕೊಂಡ ಆನ್ರಿ ಕಾರ್ತಿಯೇ-ಬ್ರೆಸ್ಸೋ 1970ರ ದಶಕದ ಮೊದಲಿಗೇ ಕ್ಯಾಮೆರಾವನ್ನು ಹೆಚ್ಚುಕಡಿಮೆ ಬದಿಗಿಟ್ಟು, ಪೆನ್ಸಿಲು ಹಿಡಿದು ಚಿತ್ರ ಬರೆಯುತ್ತಾ ಮೂವತ್ತು ವರ್ಷ ನೆಮ್ಮದಿಯಾಗಿದ್ದರು. ನಲವತ್ತು ಪ್ರಿಂಟು ನೆಲದ ಮೇಲೆ ಹರಡಿ, ಮಾರನೆಯ ದಿನವೂ ನೋಡಿ, ಒಂದೂ ನಿಮ್ಮನ್ನು ಕೆಣಕಲಿಲ್ಲ ಅಂದರೆ ಮಾರಿ. ಒಂದಾದರೂ ಕೆಣಕಿದರೆ ಆರು ತಿಂಗಳು ತಡೆಯಿರಿ.

ಅದಕ್ಕೂ ಮೊದಲು ಆ ಬ್ಯಾಟರಿ. ಲಿಥಿಯಂ ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಕೆಲವು ಸಲ ಚಾರ್ಜರಿಗೆ ಓಗೊಡುವುದಿಲ್ಲ. ಒಂದೆರಡು ಗಂಟೆ ಚಾರ್ಜರಿನಲ್ಲೇ ಇಟ್ಟು ನೋಡಿ. ಮೈ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಹೊಸದು ಕೊಳ್ಳಿ. ಮುಂದೆ ಎತ್ತಿಡುವಾಗ ಅರ್ಧದಷ್ಟು ಚಾರ್ಜ್ ಉಳಿಸಿ ಇಡಿ. ಕ್ಯಾಮೆರಾದ ಒಳಗಿನ ಗಡಿಯಾರವೂ ಈ ಎಂಟು ತಿಂಗಳಲ್ಲಿ ನಿಂತುಹೋಗಿರಬಹುದು. ಆನ್ ಮಾಡಿದೊಡನೆ ತಾರೀಖು, ಗಂಟೆ ಕೇಳುತ್ತದೆ. ಬೇಡ ಅಂತ ದಾಟಿಸಿ ಹೋಗದೆ ಸರಿಯಾಗಿ ತುಂಬಿ. ಯಾವ ಹೊತ್ತಿನ ಬೆಳಕಿಗೆ ಎದ್ದು ಹೋಗುತ್ತೀರಿ ಅಂತ ಮುಂದಿನ ವರ್ಷ ಪ್ರಿಂಟುಗಳನ್ನು ಹರಡಿಕೊಂಡು ಕೂತಾಗ ಅದು ಬೇಕಾಗುತ್ತದೆ.